ಯುದ್ಧ ವಿಮಾನದ ಸ್ಕೇಲ್ ಮಾಡೆಲ್: ಕೊಡಗಿನಲ್ಲಿ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಿಟ್‌ನ (ಮಾಡೆಲ್ ಕಟ್ಟುವ ಬಿಡಿ ಪ್ಲಾಸ್ಟಿಕ್ ಭಾಗಗಳ ಪೆಟ್ಟಿಗೆಯ) ಜೊತೆ ಬರುವ ಸೂಚನೆಗಳಾಗಲಿ, ಬಣ್ಣದ ಡಬ್ಬಿಯ ಮೇಲೆ ಅಚ್ಚಾದ ಒಣಗುವ ಸಮಯವಾಗಲಿ ಒಣ ಹವೆಯ ಕೋಣೆಗೆ ಬರೆದವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ, ನಾಪೋಕ್ಲು, ಭಾಗಮಂಡಲದ ಕಡೆ ಅವು ನಡೆಯುವುದಿಲ್ಲ. ಇಲ್ಲಿ ಬರುವ ಹೆಚ್ಚಿನ ಪ್ರಶ್ನೆಗಳ ಬುಡದಲ್ಲಿ ಇರುವುದು ತೇವ. ಹಾಗಾಗಿ ಯಾವ ಕೆಲಸವನ್ನು ಯಾವ ತಿಂಗಳಲ್ಲಿ ಮಾಡಬೇಕು ಎಂಬುದನ್ನೂ ಉತ್ತರಗಳಲ್ಲಿ ಸೇರಿಸಿದ್ದೇವೆ.

ದೇವಯ್ಯನವರ ಮಿಸ್ಟೇರ್ ಕಟ್ಟಬೇಕು ಅಂತ ಆಸೆ. ಮೊದಲ ಮಾಡೆಲ್ ಅದೇ ಆಗಬಹುದೇ?

ಆಸೆ ಸರಿ, ಆದರೆ ಮೊದಲನೆಯದಾಗಿ ಬೇಡ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ 1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ, ಸೆಪ್ಟೆಂಬರ್ 7ರಂದು, ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹಾರಿಸಿದ್ದು ಫ್ರಾನ್ಸಿನ ಡಸೋ ಕಂಪನಿಯ ಮಿಸ್ಟೇರ್ 4ಎ. ತನಗಿಂತ ಬಹಳ ವೇಗದ ಎಫ್-104 ಸ್ಟಾರ್‌ಫೈಟರನ್ನು ಎದುರಿಸಿ ಬೀಳಿಸಿದ ಆ ವಿಮಾನ ಅಲ್ಲಿಂದ ಮರಳಲಿಲ್ಲ. 1988ರಲ್ಲಿ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಕೊಡಗಿನಲ್ಲಿ ಕಿಟ್ ಕೈಗೆತ್ತಿಕೊಳ್ಳುವವರು ಇದೇ ವಿಮಾನ ಕೇಳುವುದು ಸಹಜ.

ತೊಂದರೆ ಇರುವುದು ಅದರ ಬಣ್ಣದಲ್ಲಿ. ಮಿಸ್ಟೇರ್‌ಗಳು ಭಾರತಕ್ಕೆ ಬಂದದ್ದು ಬಣ್ಣ ಬಳಿಯದ ಬರಿ ಲೋಹದ ಮೈಯಲ್ಲಿ. ಮಾಡೆಲ್‌ನಲ್ಲಿ ಬರಿ ಲೋಹ ತರುವುದು ಎಲ್ಲಕ್ಕಿಂತ ಕಷ್ಟದ ಕೆಲಸ, ಒಂದು ಕೂದಲಿನಷ್ಟು ಗೀರನ್ನೂ ಅದು ಮುಚ್ಚಿಡುವುದಿಲ್ಲ.

ಮೊದಲಿಗೆ 1/72ರ, ಅಂದರೆ ನಿಜವಾದ ಅಳತೆಯ 72ನೇ ಒಂದು ಪಾಲಿನ, ಹರಿಕೇನ್ (ಎರಡನೇ ಮಹಾಯುದ್ಧದ ಪ್ರೊಪೆಲ್ಲರ್ ಯುದ್ಧವಿಮಾನ) ತೆಗೆದುಕೊಳ್ಳಿ. ದೇವಯ್ಯ ಇದ್ದ ನಂ. 1 ಸ್ಕ್ವಾಡ್ರನ್ನೇ 1944ರಲ್ಲಿ ಅರ್ಜನ್ ಸಿಂಗ್ ನಾಯಕತ್ವದಲ್ಲಿ ಇಂಫಾಲದಿಂದ ಹರಿಕೇನ್ ಹಾರಿಸುತ್ತಿತ್ತು, ಆದ್ದರಿಂದ ದಾರಿ ತಪ್ಪಿದಂತೇನೂ ಆಗುವುದಿಲ್ಲ. ಕಿಟ್ ಕಂಪನಿಗಳಲ್ಲಿ ಏರ್‌ಫಿಕ್ಸ್‌ನ ಹರಿಕೇನ್ ಸುಲಭ, ಆರ್ಮಾ ಹಾಬಿಯ ಹರಿಕೇನ್ 2ಸಿ ವಿವರಗಳಲ್ಲಿ ಶ್ರೀಮಂತ. ಎರಡನೆಯದಾಗಿ ಬ್ರಿಟಿಷ್ ಜೆಟ್ ಯುದ್ಧವಿಮಾನ ಹಂಟರ್. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ, ಆಗ ಫ್ಲೈಟ್ ಲೆಫ್ಟಿನೆಂಟ್ ಆಗಿದ್ದ ಕೆ.ಸಿ. ಕಾರ್ಯಪ್ಪ, ಅದೇ ಯುದ್ಧದಲ್ಲಿ ನಂ. 20 ಸ್ಕ್ವಾಡ್ರನ್ನಿನ ಹಂಟರ್ ಹಾರಿಸುವಾಗ ಗುಂಡೇಟು ಬಿದ್ದು ಯುದ್ಧಕೈದಿಯಾದರು. ಹಂಟರ್ ಕಟ್ಟಿದರೆ ಜೆಟ್‌ನ ಗಾಳಿದ್ವಾರ, ಮೂತಿಯ ಭಾರ, ಎರಡು ಬಣ್ಣದ ಮರೆವೇಷ (ಕ್ಯಾಮೊಫ್ಲಾಜ್) ಎಲ್ಲವೂ ಕೈಗೆ ಹತ್ತುತ್ತವೆ. ಮೂರನೆಯದು ಮಿಸ್ಟೇರ್ ಆಗಲಿ.

1/72 ತರಿಸಬೇಕೋ 1/48 ತರಿಸಬೇಕೋ?

ನಿಜವಾದ ಮಿಸ್ಟೇರ್ 4ಎ ರೆಕ್ಕೆಯ ಅಗಲ 11.12 ಮೀಟರ್. 1/72ರಲ್ಲಿ ಅದು 154 ಮಿ.ಮೀ., 1/48ರಲ್ಲಿ 232 ಮಿ.ಮೀ. ಹಂಟರ್‌ನ ಉದ್ದ 13.98 ಮೀಟರ್, ಅಂದರೆ ಕ್ರಮವಾಗಿ 194 ಮತ್ತು 291 ಮಿ.ಮೀ. ಕಪಾಟಿನ ಆಳ ಅಳೆದು ನೋಡಿ. ಕಣ್ಣು ಸ್ವಲ್ಪ ಮಂಜಾಗಿರುವವರಿಗೆ, ಕಾಕ್‌ಪಿಟ್ ಕೆಲಸದಲ್ಲಿ ಮಜಾ ಕಾಣುವವರಿಗೆ 1/48 ಒಳ್ಳೆಯದು. ಹತ್ತಾರು ವಿಮಾನಗಳ ಸಾಲು ಬೇಕೆನ್ನುವವರು 1/72ಕ್ಕೇ ಅಂಟಿಕೊಳ್ಳಲಿ. ಎರಡನ್ನೂ ಬೆರೆಸಿ ಒಂದೇ ಕಪಾಟಿನಲ್ಲಿಟ್ಟರೆ ಹರಿಕೇನ್ ಹಂಟರ್‌ಗಿಂತ ದೊಡ್ಡದಾಗಿ ಕಂಡು ನೋಡುವವರಿಗೆ ಗೊಂದಲ.

ಕಿಟ್ ಎಲ್ಲಿ ಸಿಗುತ್ತದೆ?

ಜಿಲ್ಲೆಯೊಳಗೆ ಹುಡುಕಿ ಪ್ರಯೋಜನವಿಲ್ಲ. ಬೆಂಗಳೂರಿನ ಹಾಬಿ ಅಂಗಡಿಗಳಿಂದ ಅಥವಾ ಆನ್‌ಲೈನ್‌ನಲ್ಲಿ ತರಿಸಬೇಕು. 1/72 ಹಂಟರ್‌ಗೆ ರೆವೆಲ್, 1/48ಕ್ಕೆ ಏರ್‌ಫಿಕ್ಸ್ ಅಥವಾ ಅಕಾಡೆಮಿ ನೋಡಿ. 1/72 ಮಿಸ್ಟೇರ್‌ಗೆ ಹಳೆಯ ಮ್ಯಾಚ್‌ಬಾಕ್ಸ್ ಕಿಟ್ ಇದೆ, ಈಗ ಅದು ಸಂಗ್ರಹಕಾರರ ಕೈಯಿಂದ ಕೈಗೆ ಓಡಾಡುವ ಸರಕು. ಹಳೆಯ ಕಿಟ್ ಕೊಳ್ಳುವ ಮೊದಲು ಮೂರು ಫೋಟೋ ಕೇಳಿ: ಭಾಗಗಳ ಫ್ರೇಮ್‌ಗಳು, ಪಾರದರ್ಶಕ ಕ್ಯಾನಪಿ (ಕಾಕ್‌ಪಿಟ್‌ನ ಮುಚ್ಚಳ), ಡೆಕಾಲ್ ಹಾಳೆ (ನೀರಲ್ಲಿ ನೆನೆಸಿ ಅಂಟಿಸುವ ಗುರುತುಗಳು). ಕ್ಯಾನಪಿ ಸೀಳಿದ್ದರೆ ಬಿಟ್ಟುಬಿಡಿ. ಡೆಕಾಲ್ ಹಳದಿಯಾಗಿದ್ದರೆ ಚಿಂತೆಯಿಲ್ಲ, ಹೇಗಿದ್ದರೂ ಭಾರತದ ಗುರುತುಗಳು ಅದರಲ್ಲಿ ಇರುವುದು ಅಪರೂಪ.

ಲ್ಯಾಕರ್ ಬಣ್ಣ (ಬೇಗ ಆರುವ ದ್ರಾವಕದ ಬಣ್ಣ), ಥಿನ್ನರ್, ಪ್ಲಾಸ್ಟಿಕ್ ಸಿಮೆಂಟು ಬೆಂಕಿ ಹಿಡಿಯುವ ವಸ್ತುಗಳು, ವಿಮಾನದ ಪಾರ್ಸೆಲ್‌ನಲ್ಲಿ ಬರುವುದಿಲ್ಲ, ರಸ್ತೆಯಲ್ಲೇ ಬರಬೇಕು. ಘಾಟಿಯಲ್ಲಿ ಮಣ್ಣು ಕುಸಿದು ರಸ್ತೆ ಬಂದ್ ಆಗುವ ಕಾಲಕ್ಕೆ ಮೊದಲೇ, ಮೇ ತಿಂಗಳೊಳಗೆ ತರಿಸಿಟ್ಟುಕೊಳ್ಳಿ.

ಯಾವ ಸಾಮಾನು ಊರಲ್ಲೇ ಸಿಗುತ್ತದೆ, ಯಾವುದನ್ನು ತರಿಸಲೇಬೇಕು?

ತರಿಸಲೇಬೇಕಾದವು: ಒಂದು ಕಡೆ ಚಪ್ಪಟೆ ಬಾಯಿಯ ಸಣ್ಣ ಕಟರ್, 11ನೇ ನಂಬರ್ ಬ್ಲೇಡಿನ ಹಾಬಿ ಚಾಕು, ತಮಿಯಾ ಎಕ್ಸ್‌ಟ್ರಾ ಥಿನ್ ಸಿಮೆಂಟು, 6 ಮಿ.ಮೀ. ಮಾಸ್ಕಿಂಗ್ ಟೇಪು, 0.3ರಿಂದ 1 ಮಿ.ಮೀ. ಡ್ರಿಲ್ ಬಿಟ್ಟುಗಳಿರುವ ಕೈ ಡ್ರಿಲ್, 0.3 ಮಿ.ಮೀ. ನಾಝಲಿನ ಏರ್‌ಬ್ರಷ್ (ಗಾಳಿಯಿಂದ ಬಣ್ಣ ಊದುವ ಸಾಧನ), ಟ್ಯಾಂಕ್ ಇರುವ ಕಂಪ್ರೆಸರ್.

ಉಳಿದದ್ದು ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಆಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ 400, 600, 1000, 2000 ನಂಬರಿನ ವಾಟರ್ ಪೇಪರ್ ಮತ್ತು ಎಂ-ಸೀಲ್. ಬ್ಯಾಟರಿ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್. ಮೆಡಿಕಲ್‌ನಲ್ಲಿ ಸಿರಿಂಜು, ಸೂಜಿ. ಎಲೆಕ್ಟ್ರಿಕಲ್ ಅಂಗಡಿಯ ಮೆತ್ತನೆ ವೈರಿನೊಳಗಿನ ತಾಮ್ರದ ಎಳೆ ಬ್ರೇಕ್ ಪೈಪಿಗೆ ಹೇಳಿ ಮಾಡಿಸಿದ್ದು. ಪೇಂಟ್ ಅಂಗಡಿಯ ಎನ್‌ಸಿ ಥಿನ್ನರನ್ನು ಮಾತ್ರ ಮಾಡೆಲ್ ಹತ್ತಿರ ತರಬೇಡಿ. ಏರ್‌ಬ್ರಷ್ ತೊಳೆಯಲು ಸರಿ, ಪ್ಲಾಸ್ಟಿಕ್ಕಿಗೆ ತಾಗಿದರೆ ಮೈ ಕರಗಿ ಸುಕ್ಕಾಗುತ್ತದೆ.

ಮಳೆಗಾಲದಲ್ಲಿ ಏನು ಮಾಡಬಹುದು, ಏನು ಮಾಡಬಾರದು?

ಮೊದಲು ಒಂದು ತೇವಮಾಪಕ ಕೊಳ್ಳಿ. ಗಡಿಯಾರದಷ್ಟು ದೊಡ್ಡದು, ತೇವವನ್ನು ಶೇಕಡಾದಲ್ಲಿ ತೋರಿಸುತ್ತದೆ. ಅದು 60ರ ಕೆಳಗಿದ್ದರೆ ಏನು ಬೇಕಾದರೂ ಮಾಡಿ. 60ರಿಂದ 70ರ ನಡುವೆ ನೀರು ಬೆರೆಯುವ ಅಕ್ರಿಲಿಕ್ ಬಣ್ಣ ನಡೆಯುತ್ತದೆ, ಒಣಗುವ ಸಮಯ ಎರಡು ಪಟ್ಟು ಹಿಡಿಯಿರಿ. 70 ದಾಟಿದರೆ ಲ್ಯಾಕರ್, ಲೋಹದ ಬಣ್ಣ, ಗ್ಲಾಸ್ (ಹೊಳಪಿನ) ಕ್ಲಿಯರ್, ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಮುಟ್ಟಬೇಡಿ. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಮಡಿಕೇರಿಯ ಮನೆಯೊಳಗೆ ಅದು 90ರ ಮೇಲೇ ಕೂತಿರುತ್ತದೆ.

ಕಾರಣ ಇಷ್ಟು. ಲ್ಯಾಕರಿನ ದ್ರಾವಕ ಭರದಿಂದ ಆರುವಾಗ ಆ ಮೈಯ ಶಾಖವನ್ನೂ ಹೀರಿಕೊಂಡು ಹೋಗುತ್ತದೆ. ತಣ್ಣಗಾದ ಹಸಿ ಬಣ್ಣದ ಮೇಲೆ ಗಾಳಿಯ ನೀರಾವಿ ಇಬ್ಬನಿಯಾಗಿ ಕೂರುತ್ತದೆ, ಬಣ್ಣ ಹಾಲಿನಂತೆ ಬೆಳ್ಳಗಾಗುತ್ತದೆ. ಗ್ಲಾಸ್ ಕಪ್ಪಿನ ಮೇಲೆ ಇದು ಬೂದಿ ಎರಚಿದ ಹಾಗೆ ಕಾಣುತ್ತದೆ. ಹಾಗಾದಾಗ ಉಜ್ಜಲು ಹೋಗಬೇಡಿ. ಒಣ ದಿನ ಬರುವ ತನಕ ಬಿಟ್ಟು, ಗುನ್ಜೆ ಕಂಪನಿಯ ಮಿಸ್ಟರ್ ಲೆವೆಲಿಂಗ್ ಥಿನ್ನರನ್ನು ಮಾತ್ರ ತೆಳ್ಳಗೆ ಒಮ್ಮೆ ಊದಿ. ನಿಧಾನ ಆರುವ ಆ ದ್ರಾವಕ ಮೇಲ್ಪದರವನ್ನು ಮತ್ತೆ ಸಡಿಲಿಸಿ ಒಳಗೆ ಸಿಕ್ಕಿದ ತೇವವನ್ನು ಹೊರಗೆ ಬಿಡುತ್ತದೆ. ಹೆಚ್ಚಿನ ಸಲ ಬೆಳ್ಳಗಿದ್ದದ್ದು ಹೋಗುತ್ತದೆ.

ಇನ್ನೊಂದು ತೊಡಕು ಏರ್‌ಬ್ರಷ್ಷಿನಲ್ಲೇ. ಕಂಪ್ರೆಸರ್ ತೇವದ ಗಾಳಿಯನ್ನು ಒತ್ತಿದಾಗ ಟ್ಯಾಂಕಿನಲ್ಲಿ ನೀರು ಶೇಖರವಾಗುತ್ತದೆ. ಮೂರು ನಾಲ್ಕು ನಿಮಿಷ ಊದಿದ ಮೇಲೆ ಬಣ್ಣದ ನಡುವೆ ಟಪ್ಪೆಂದು ಒಂದು ಹನಿ ನೀರು ಬಂದು ಬೀಳುವುದು ಅದಕ್ಕೇ. ರೆಗ್ಯುಲೇಟರಿನ ನೀರುಬುಟ್ಟಿ ಸಾಲದು, ಏರ್‌ಬ್ರಷ್ ಹಿಡಿಯ ಬುಡದಲ್ಲಿ ಇನ್ನೊಂದು ಸಣ್ಣ ತೇವತಡೆ ಹಾಕಿ. ಕೆಲಸ ಮುಗಿದ ಮೇಲೆ ಟ್ಯಾಂಕಿನ ಅಡಿಯ ತಿರುಪು ಬಿಚ್ಚಿ ನೀರು ಬಸಿಯಿರಿ, ಇಲ್ಲದಿದ್ದರೆ ಎರಡು ಮಳೆಗಾಲದಲ್ಲಿ ಟ್ಯಾಂಕ್ ಒಳಗಿಂದ ತುಕ್ಕು ತಿನ್ನುತ್ತದೆ.

ಹಾಗಾಗಿ ವರ್ಷವನ್ನು ಹೀಗೆ ಹಂಚಿ: ಜೂನ್‌ನಿಂದ ಆಗಸ್ಟ್‌ವರೆಗೆ ಕತ್ತರಿಸುವುದು, ಅಂಟಿಸುವುದು, ಪುಟ್ಟಿ, ಉಜ್ಜುವುದು, ಗೆರೆ ಕೊರೆಯುವುದು, ಕಾಕ್‌ಪಿಟ್‌ಗೆ ಕುಂಚದಲ್ಲಿ ಬಣ್ಣ. ಸೆಪ್ಟೆಂಬರ್ ಮೊದಲಲ್ಲಿ ಕೈಲ್‌ಪೊಳ್ದ್ ಹಬ್ಬ ಮುಗಿದು ಮಳೆ ಇಳಿಮುಖವಾದ ಮೇಲೆ ಪ್ರೈಮರ್. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದಿಂದ ಸುಗ್ಗಿ ಹಬ್ಬ ಪುತ್ತರಿಯವರೆಗೆ ಲೋಹದ ಬಣ್ಣಕ್ಕೆ ಒಳ್ಳೆಯ ದಿನಗಳು ಸಿಗುತ್ತವೆ, ಹಿಂಗಾರಿನ ಸಂಜೆ ಮಳೆ ತಪ್ಪಿಸಿ ಹೊತ್ತೇರಿದ ಮೇಲೆ, ಮಧ್ಯಾಹ್ನ ಎರಡರೊಳಗೆ ಊದಿ. ಡಿಸೆಂಬರ್ ನಂತರ ಹವೆ ಒಣ, ಆದರೆ ಕಣದಲ್ಲಿ ಕಾಫಿ ಹರಡಿ ಕೆದಕುವ ಕಾಲ. ಆ ಧೂಳು ಹಸಿ ಬಣ್ಣಕ್ಕೆ ಬಂದು ಕೂತರೆ ಮುಗಿಯಿತು. ಕಣದ ಕಡೆಯ ಕಿಟಕಿ ಮುಚ್ಚಿ.

ಕುಶಾಲನಗರದಲ್ಲಿ ನೆಂಟರ ಮನೆ ಇದ್ದರೆ ಬಣ್ಣದ ಕೆಲಸ ಅಲ್ಲಿ ಇಟ್ಟುಕೊಳ್ಳಬಹುದು. ಮಡಿಕೇರಿಯಿಂದ 30 ಕಿ.ಮೀ. ಇಳಿದರೆ ಸಾಕು, ಹವೆ ಬೇರೆಯೇ.

ಕಿಟಕಿ ಮುಚ್ಚಿಕೊಂಡು ಬಣ್ಣ ಊದಬಹುದೇ?

ನೀರಿನ ಅಕ್ರಿಲಿಕ್ ಆದರೂ ಮಾಸ್ಕ್ ಹಾಕಿ. ಲ್ಯಾಕರ್ ಆದರೆ ಖಂಡಿತ ಬೇಡ. ಎನ್-95 ಮಾಸ್ಕ್ ಕಣಗಳನ್ನು ತಡೆಯುತ್ತದೆ, ದ್ರಾವಕದ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಇದ್ದಿಲು ತುಂಬಿದ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಎಕ್ಸಾಸ್ಟ್ ಫ್ಯಾನ್ ಒಳಗಿನ ಹೊಗೆ ಹೊರಹಾಕಿದಷ್ಟೇ ಹೊರಗಿನ ತೇವವನ್ನು ಒಳಗೆ ಎಳೆಯುತ್ತದೆ ಅನ್ನುವುದನ್ನೂ ನೆನಪಿಡಿ. ಮಳೆಯಲ್ಲಿ ಲ್ಯಾಕರ್ ಬೇಡ ಎನ್ನಲು ಇದು ಎರಡನೆಯ ಕಾರಣ. ಹನ್ನೆರಡು ವರ್ಷದ ಒಳಗಿನ ಮಕ್ಕಳಿಗೆ ಕುಂಚ ಮತ್ತು ಅಕ್ರಿಲಿಕ್ ಸಾಕು. ಸಿಮೆಂಟಿನ ಶೀಶೆ ದೊಡ್ಡವರ ಮೇಜಿನಲ್ಲಿರಲಿ.

ಒಣಗಿಸುವ ಪೆಟ್ಟಿಗೆ ಮನೆಯಲ್ಲೇ ಮಾಡುವುದು ಹೇಗೆ?

ಮುಚ್ಚಳವಿರುವ 40 ಲೀಟರಿನ ಪ್ಲಾಸ್ಟಿಕ್ ಡಬ್ಬ, ಮುಚ್ಚಳದ ಎರಡು ಮೂಲೆಯಲ್ಲಿ ಬೆರಳುಗಾತ್ರದ ತೂತು, ಒಳಗೆ ಒಂದು ಬದಿಯಲ್ಲಿ ಹಳೆಯ ಕಾಲದ 15 ವಾಟ್ ತಂತಿ ಬಲ್ಬು. ಬಲ್ಬಿಗೂ ಡಬ್ಬದ ಗೋಡೆಗೂ ಆದಷ್ಟು ಹೆಚ್ಚು ಅಂತರ, ಬಲ್ಬಿಗೂ ಮಾಡೆಲ್‌ಗೂ ನಡುವೆ ಒಂದು ತಗಡಿನ ಮರೆ. ಎಲ್‌ಇಡಿ ಬಲ್ಬು ಉಪಯೋಗಕ್ಕಿಲ್ಲ, ಅದರ ಶಾಖ ಸಾಲದು. ಒಳಗಿನ ಉಷ್ಣತೆ 40 ಡಿಗ್ರಿ ದಾಟಬಾರದು, ತುಂಬಾ ಬಿಸಿಯಾದರೆ ತೆಳ್ಳನೆಯ ರೆಕ್ಕೆ ತುದಿಗಳು ಬಾಗಬಹುದು. ಮನೆಯಲ್ಲಿ ಯಾರೂ ಇಲ್ಲದಾಗ ಉರಿಸಬೇಡಿ.

ಸಿಲಿಕಾ ಜೆಲ್ ಈ ಡಬ್ಬಕ್ಕಲ್ಲ, ಗಾಳಿಯಾಡದ ಡಬ್ಬಕ್ಕೆ. ಡೆಕಾಲ್ ಹಾಳೆ, ಫೋಟೋ-ಎಚ್ (ರಾಸಾಯನಿಕದಲ್ಲಿ ಕೊರೆದ ತೆಳು) ಹಿತ್ತಾಳೆ ಭಾಗ, ಮಾಸ್ಕಿಂಗ್ ಟೇಪು ಮೂರನ್ನೂ ಅದರೊಂದಿಗೆ ಮುಚ್ಚಿಡಿ. ತೇವ ತಿಂದ ಟೇಪು ಬಣ್ಣವನ್ನು ಅಂಚಿನಡಿ ಹರಿಯಲು ಬಿಡುತ್ತದೆ.

ಅಂಟಿಸಿ, ಉಜ್ಜಿ, ನುಣ್ಣಗೆ ಮಾಡಿದ ಜೋಡಣೆ ಗೆರೆ ಬಣ್ಣ ಹಚ್ಚಿದ ಮೇಲೆ ಮತ್ತೆ ಕಾಣಿಸಿಕೊಂಡಿತು. ಯಾಕೆ?

ಅವಸರ. ಎಕ್ಸ್‌ಟ್ರಾ ಥಿನ್ ಅಂಟು ಅಲ್ಲ, ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವ ದ್ರಾವಕ. ಎರಡು ಅರ್ಧಗಳನ್ನು ಸೇರಿಸಿ ಕುಂಚದ ತುದಿ ತಾಗಿಸಿದರೆ ಅದೇ ಸಂದಿಯೊಳಗೆ ಓಡುತ್ತದೆ. ಕೆಲವು ಸೆಕೆಂಡು ಬಿಟ್ಟು ಒತ್ತಿದಾಗ ಕರಗಿದ ಪ್ಲಾಸ್ಟಿಕ್ ಸಣ್ಣ ಏರಿಯಾಗಿ ಹೊರಬರಬೇಕು. ಆ ಏರಿಯೇ ನಿಮ್ಮ ಪುಟ್ಟಿ. ಆದರೆ ದ್ರಾವಕ ಪೂರ್ತಿ ಆರುವ ಮೊದಲು ಉಜ್ಜಿದರೆ, ಆಮೇಲೆ ಆರುತ್ತ ಆರುತ್ತ ಗೆರೆ ಕುಸಿಯುತ್ತದೆ. ಬೇಸಿಗೆಯಲ್ಲಿ ಎರಡು ದಿನ, ಮಳೆಯಲ್ಲಿ ನಾಲ್ಕೈದು ದಿನ ಬಿಡಿ. ಪುಟ್ಟಿಗೂ ಇದೇ ಮಾತು. ಅವಸರವೇ ಇದ್ದರೆ ಪುಟ್ಟಿಯ ಬದಲು ಸೂಪರ್ ಗ್ಲೂ ತುಂಬಿ ಅರ್ಧ ಗಂಟೆಯೊಳಗೆ ಉಜ್ಜಿ. ರಾತ್ರಿ ಬಿಟ್ಟರೆ ಅದು ಪ್ಲಾಸ್ಟಿಕ್ಕಿಗಿಂತ ಗಟ್ಟಿಯಾಗಿ, ಸುತ್ತಲಿನ ಪ್ಲಾಸ್ಟಿಕ್ಕೇ ಸವೆಯುತ್ತದೆ.

ಮೂತಿಗೆ ಎಷ್ಟು ಭಾರ ಹಾಕಬೇಕು?

ಹರಿಕೇನ್‌ಗೆ ಬೇಡ, ಅದು ಬಾಲಚಕ್ರದ ಮೇಲೆ ಕೂರುವ ವಿಮಾನ. ಹಂಟರ್, ಮಿಸ್ಟೇರ್ ಎರಡಕ್ಕೂ ಮೂತಿಚಕ್ರ ಇರುವುದರಿಂದ ಭಾರ ಹಾಕದಿದ್ದರೆ ಬಾಲದ ಮೇಲೆ ಕೂತುಬಿಡುತ್ತವೆ. 1/72ಕ್ಕೆ ಸಾಮಾನ್ಯವಾಗಿ 5ರಿಂದ 10 ಗ್ರಾಂ. ಊಹೆ ಬೇಡ, ಅಳೆಯಿರಿ: ಒಡಲು, ರೆಕ್ಕೆ, ಬಾಲ ಎಲ್ಲವನ್ನೂ ಟೇಪಿನಲ್ಲಿ ತಾತ್ಕಾಲಿಕವಾಗಿ ಕಟ್ಟಿ, ಮುಖ್ಯ ಚಕ್ರ ಬರುವ ಜಾಗದಲ್ಲಿ ಎರಡು ಪೆನ್ಸಿಲ್ ಅಡ್ಡ ಇಟ್ಟು ಅದರ ಮೇಲೆ ಕೂರಿಸಿ. ಮೂತಿ ಕೆಳಗೆ ಬಾಗುವ ತನಕ ತೂಕ ಏರಿಸುತ್ತ ಹೋಗಿ, ಆಮೇಲೆ ಇನ್ನೂ ಐದನೇ ಒಂದು ಪಾಲು ಸೇರಿಸಿ. ಹಂಟರ್‌ಗೆ ಮೂತಿಯ ತುದಿಯಲ್ಲೇ ಜಾಗ ಇದೆ. ಮಿಸ್ಟೇರ್‌ನ ಮೂತಿ ತೆರೆದ ಗಾಳಿದ್ವಾರ, ಹಾಗಾಗಿ ಭಾರ ಕಾಕ್‌ಪಿಟ್ ನೆಲದ ಅಡಿಗೂ ಗಾಳಿಕೊಳವೆಯ ಹೊರಮೈಗೂ ಹಂಚಿಹೋಗಬೇಕು. ದೂರ ಹಿಂದಕ್ಕೆ ಹೋದಷ್ಟೂ ಹೆಚ್ಚು ಗ್ರಾಂ ಬೇಕು.

ಮೀನು ಗಾಳದ ಸೀಸದ ಗುಂಡುಗಳನ್ನು ಬಳಸಿ. ಮನೆಯಲ್ಲಿ ಕೋವಿ ಇದೆ ಅಂತ ತೋಟಾ (ಕಾಡತೂಸು) ಬಿಚ್ಚಿ ಚರೆ ತೆಗೆಯುವ ಯೋಚನೆ ಬಂದರೆ ಅಲ್ಲೇ ಬಿಡಿ. ಸೀಸವನ್ನು ಫೆವಿಕಾಲ್‌ನಲ್ಲಿ ಕೂರಿಸಬೇಡಿ. ಬಿಳಿ ಅಂಟಿನ ಆಮ್ಲಾಂಶ ಮತ್ತು ತೇವ ಸೇರಿದರೆ ಸೀಸ ಬಿಳಿ ಪುಡಿಯಾಗಿ ಉಬ್ಬುತ್ತದೆ, ವರ್ಷಗಳ ನಂತರ ಮೂತಿ ಒಳಗಿನಿಂದ ಸೀಳುತ್ತದೆ. ನಮ್ಮ ಹವೆಯಲ್ಲಿ ಇದು ಬೇಗ ಆಗುತ್ತದೆ. ಎಂ-ಸೀಲ್ ಅಥವಾ ಎಪಾಕ್ಸಿಯಲ್ಲಿ ಹೂತಿಡಿ.

ಕಾಕ್‌ಪಿಟ್‌ನಲ್ಲಿ ಎಷ್ಟು ವಿವರ ಸೇರಿಸಬೇಕು?

ಕ್ಯಾನಪಿ ಮುಚ್ಚುವವರಾದರೆ ಸೀಟು, ಬೆಲ್ಟು, ಮೇಲಿನ ಗನ್‌ಸೈಟು ಇಷ್ಟೇ ಕಾಣುವುದು. ಬೆಲ್ಟಿಗೆ ಮಾಸ್ಕಿಂಗ್ ಟೇಪು ಸಾಕು. ನಿಜವಾದ ಬೆಲ್ಟು ಸುಮಾರು 45 ಮಿ.ಮೀ. ಅಗಲ, ಅಂದರೆ 1/72ರಲ್ಲಿ 0.6 ಮಿ.ಮೀ., 1/48ರಲ್ಲಿ 0.9 ಮಿ.ಮೀ. ಗಾಜಿನ ಮೇಲೆ ಟೇಪು ಹಚ್ಚಿ, ಹೊಸ ಬ್ಲೇಡಿನಲ್ಲಿ ಸೀಳಿ, ಮಂಕು ಖಾಕಿ ಬಳಿದು, ಸೀಟಿನ ಅಂಚಿನ ಮೇಲಿಂದ ಜೋತುಬೀಳುವಂತೆ ಕೂರಿಸಿ. ಬಕಲ್‌ಗೆ ಬೆಳ್ಳಿ ಬಣ್ಣದ ಒಂದು ಚುಕ್ಕೆ.

ಹಂಟರ್‌ನ ಕಾಕ್‌ಪಿಟ್ ಕಪ್ಪು. ಆದರೆ ಅಚ್ಚ ಕಪ್ಪು ಬಳಿದರೆ ಗವಿಯಂತಾಗಿ ಒಳಗಿನದೇನೂ ಕಾಣದು. ತಮಿಯಾದ ರಬ್ಬರ್ ಬ್ಲ್ಯಾಕ್, ಎಕ್ಸ್‌ಎಫ್-85, ಬಳಿಯಿರಿ. ಉಬ್ಬಿದ ಅಂಚುಗಳ ಮೇಲೆ ತಿಳಿ ಬೂದು ಬಣ್ಣವನ್ನು ಬಹುತೇಕ ಒರೆಸಿದ ಒಣ ಕುಂಚದಿಂದ ಸವರಿ. ಮೀಟರ್ ಮುಖಗಳಿಗೆ ಡೆಕಾಲ್ ಕೂರಿಸಿ ಒಂದೊಂದರ ಮೇಲೂ ಗ್ಲಾಸ್ ಕ್ಲಿಯರಿನ ಹನಿ ಬಿಟ್ಟರೆ ಗಾಜಿನಂತೆ ಹೊಳೆಯುತ್ತದೆ.

ಮ್ಯಾಚ್‌ಬಾಕ್ಸ್ ಕಿಟ್‌ನ ಪ್ಯಾನಲ್ ಗೆರೆಗಳು (ಮೈಯ ಲೋಹದ ಹಾಳೆಗಳ ಸಂದಿ ತೋರಿಸುವ ಗೆರೆಗಳು) ಚರಂಡಿಯಂತಿವೆ. ಹಾಗೇ ಬಿಡಬಹುದೇ?

ಬರಿ ಲೋಹದ ಮಿಸ್ಟೇರ್‌ಗೆ ಬಿಡಬಾರದು. ಲೆಕ್ಕ ಹಾಕಿ: 0.2 ಮಿ.ಮೀ. ಗೆರೆ ಎಂದರೆ ನಿಜವಾದ ವಿಮಾನದಲ್ಲಿ 14 ಮಿ.ಮೀ. ಸಂದಿ, ಬೆರಳು ತೂರುವಷ್ಟು. ಆಳದ ಗೆರೆಗಳಿಗೆ ಕಪ್ಪು ಸೂಪರ್ ಗ್ಲೂ ಅಥವಾ ಮಿಸ್ಟರ್ ಸರ್ಫೇಸರ್ 500 ತುಂಬಿ, ಉಜ್ಜಿ, ಹೊಸದಾಗಿ ಕೊರೆಯಿರಿ. ದಪ್ಪ ಡೈಮೋ ಟೇಪನ್ನು (ಲೇಬಲ್ ಒತ್ತುವ ಪ್ಲಾಸ್ಟಿಕ್ ಟೇಪು) ಅಳತೆಪಟ್ಟಿಯಂತೆ ಅಂಟಿಸಿ, ಸೂಜಿಯನ್ನು ಭಾರ ಹಾಕದೆ ಎಳೆಯಿರಿ. ಮೊದಲ ಮೂರು ಎಳೆತಕ್ಕೆ ಗೆರೆ ಕಾಣದಿದ್ದರೆ ನಿಮ್ಮ ಕೈ ಸರಿಯಾಗಿದೆ ಎಂದರ್ಥ. ಭಾರ ಹಾಕಿದರೆ ಸೂಜಿ ಜಾರಿ ಪಕ್ಕಕ್ಕೆ ಓಡುತ್ತದೆ. ಹೊರಗೆ ಮಳೆ ಸುರಿಯುವಾಗ ಕೂತು ಮಾಡಲು ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ.

ಮೂತಿಯ ಗಾಳಿದ್ವಾರದ ಒಳಗಿನ ಜೋಡಣೆ ಗೆರೆಯನ್ನೂ ಈಗಲೇ ಮುಗಿಸಿ. ಪೆನ್ಸಿಲ್‌ಗೆ ವಾಟರ್ ಪೇಪರ್ ಸುತ್ತಿ ಒಳಗೆ ತಿರುಗಿಸಿ. ಮುಂದಿನಿಂದ ನೋಡುವವರ ಕಣ್ಣು ಮೊದಲು ಬೀಳುವುದು ಅಲ್ಲಿಗೇ.

ಕ್ಯಾನಪಿ ಮಂಜಾಯಿತು.

ಸೂಪರ್ ಗ್ಲೂ ಆವಿ. ಅದು ಗಾಳಿಯ ತೇವದಿಂದಲೇ ಗಟ್ಟಿಯಾಗುವ ಅಂಟು, ಆದ್ದರಿಂದ ಮಳೆಗಾಲದಲ್ಲಿ ಬೇಗ ಹಿಡಿಯುತ್ತದೆ ಮತ್ತು ಹೆಚ್ಚು ಮಂಜು ಬಿಡುತ್ತದೆ. ಕ್ಯಾನಪಿಗೆ ಫೆವಿಕಾಲ್ ಸಾಕು, ಹೆಚ್ಚಾದದ್ದನ್ನು ಒದ್ದೆ ಹತ್ತಿಕಡ್ಡಿಯಲ್ಲಿ ಒರೆಸಿ. ಮುಚ್ಚುವ ಮೊದಲು ಒಡಲನ್ನು ಒಣ ಪೆಟ್ಟಿಗೆಯಲ್ಲಿ ಒಂದು ದಿನ ಇಡಿ, ಇಲ್ಲವಾದರೆ ಒಳಗೆ ಸಿಕ್ಕ ತೇವ ಚಳಿಯ ಬೆಳಗುಗಳಲ್ಲಿ ಗಾಜಿನ ಒಳಮೈಗೆ ಇಬ್ಬನಿ ಕಟ್ಟುತ್ತದೆ.

ಬರಿ ಲೋಹದ ಮೈ ತರುವುದು ಹೇಗೆ, ಮೊದಲಿಂದ ಹೇಳಿ.

ಬಣ್ಣದಲ್ಲಿ ಕೆಲಸ ಕಡಿಮೆ, ತಯಾರಿಯಲ್ಲಿ ಹೆಚ್ಚು. ಪ್ಲಾಸ್ಟಿಕ್ ಮೈಯನ್ನು 1000, 2000 ಪೇಪರಿನಲ್ಲಿ ನೀರು ಹಾಕಿ ಉಜ್ಜಿ, ಕೊನೆಗೆ 3000ದ ಸ್ಪಂಜಿನಲ್ಲಿ ಹೊಳಪು ಬರಿಸಿ. ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಇನ್ನು ಮುಂದೆ ಕೈಗವಸು ಇಲ್ಲದೆ ಮುಟ್ಟಬಾರದು, ಬೆರಳಿನ ಎಣ್ಣೆಯ ಗುರುತು ಬೆಳ್ಳಿಯಡಿಯಿಂದ ಎದ್ದು ಕಾಣುತ್ತದೆ.

ಅದರ ಮೇಲೆ ಗ್ಲಾಸ್ ಕಪ್ಪು. ತಮಿಯಾ ಎಕ್ಸ್-1 ಒಂದು ಪಾಲಿಗೆ ಲೆವೆಲಿಂಗ್ ಥಿನ್ನರ್ ಎರಡು ಪಾಲು, 15 ಪಿಎಸ್‌ಐ ಒತ್ತಡ. ಮೊದಲೆರಡು ಪದರ ತೆಳು ಮಂಜಿನಂತೆ, ಮೂರನೆಯದು ಮಾತ್ರ ಒದ್ದೆಯಾಗಿ ಹೊಳೆಯುವಷ್ಟು. ಟ್ಯೂಬ್‌ಲೈಟಿನ ಪ್ರತಿಬಿಂಬ ರೆಕ್ಕೆಯ ಮೇಲೆ ನೇರ ಗೆರೆಯಾಗಿ ಕಾಣಬೇಕು. ಅಂಚು ಒಡೆದು ಕಂಡರೆ ಮೈ ಒರಟಾಗಿದೆ, 2000ದಲ್ಲಿ ಉಜ್ಜಿ ಮತ್ತೆ ಊದಿ. ಒಣಗಲು ಬೇಸಿಗೆಯಲ್ಲಿ ಎರಡು ದಿನ, ಬೇರೆ ಕಾಲದಲ್ಲಿ ಒಂದು ವಾರ. ಮೂಗಿನ ಹತ್ತಿರ ಹಿಡಿದು ನೋಡಿ, ದ್ರಾವಕದ ವಾಸನೆ ಇದ್ದರೆ ಒಣಗಿಲ್ಲ. ಹಸಿ ಕಪ್ಪಿನ ಮೇಲೆ ಲೋಹದ ಬಣ್ಣ ಬಿದ್ದರೆ ಜೇಡರ ಬಲೆಯಂತೆ ಬಿರಿಯುತ್ತದೆ.

ಆಲ್ಕ್ಲಾಡ್, ಎಕೆ ಎಕ್ಸ್‌ಟ್ರೀಮ್ ಮೆಟಲ್ ಬಣ್ಣಗಳನ್ನು ತೆಳು ಮಾಡುವ ಅಗತ್ಯವಿಲ್ಲ. ಶೀಶೆ ಚೆನ್ನಾಗಿ ಕುಲುಕಿ, 12 ಪಿಎಸ್‌ಐ ಒತ್ತಡದಲ್ಲಿ 5ರಿಂದ 7 ಸೆಂ.ಮೀ. ದೂರದಿಂದ ಊದಿ. ಒಂದೇ ಸಲಕ್ಕೆ ಬೆಳ್ಳಗಾಗಬೇಕೆಂದು ಹೊರಟರೆ ಮಾಮೂಲಿ ಸಿಲ್ವರ್ ಪೇಂಟಿನಂತೆ ಸಪ್ಪೆಯಾಗುತ್ತದೆ. ಕಪ್ಪು ಇನ್ನೂ ಸ್ವಲ್ಪ ಹೊಮ್ಮುತ್ತಿರುವಾಗಲೇ ನಿಲ್ಲಿಸಿದರೆ ಲೋಹದ ಆಳ ಸಿಗುತ್ತದೆ.

ಒಡಲೆಲ್ಲ ಒಂದೇ ಬೆಳ್ಳಿಯಾದರೆ ಆಟಿಕೆಯಾಯಿತು. ಒಂದು ದಿನ ಬಿಟ್ಟು ಅಲ್ಲೊಂದು ಇಲ್ಲೊಂದು ಪ್ಯಾನಲ್ ಮಾಸ್ಕ್ ಮಾಡಿ ಮಂಕು ಅಲ್ಯುಮಿನಿಯಂ, ಡ್ಯುರಾಲ್ಯುಮಿನ್ ಛಾಯೆ ಹಾಕಿ. ಬಾಲದ ತುದಿಯ ಜೆಟ್ ಕೊಳವೆ ಸುತ್ತ ಉಕ್ಕಿನ ಗಾಢ ಛಾಯೆ, ಅದರ ಮೇಲೆ ಪಾರದರ್ಶಕ ನೀಲಿ ಮತ್ತು ಕಂದು ತೀರಾ ತೆಳ್ಳಗೆ. ಟೇಪನ್ನು ಹಚ್ಚುವ ಮೊದಲು ಅಂಗೈಗೆ ಎರಡು ಸಲ ಅಂಟಿಸಿ ಕಿತ್ತು ಅಂಟು ಕಡಿಮೆ ಮಾಡಿ, ತೆಗೆಯುವಾಗ ಮೇಲಕ್ಕೆ ಎಳೆಯದೆ ಹಿಂದಕ್ಕೆ ಮಡಚಿ ಎಳೆಯಿರಿ.

ಅಡುಗೆಮನೆಯ ಅಲ್ಯುಮಿನಿಯಂ ಹಾಳೆಯನ್ನೂ ಅಂಟಿಸಬಹುದು, ಚಪ್ಪಟೆ ಪ್ಯಾನಲ್‌ಗೆ ಚೆನ್ನ. ಮೂತಿಯಂಥ ಉಬ್ಬುಮೈಗೆ ಸುಕ್ಕು ತಪ್ಪದು.

ಹಂಟರ್‌ನ ಮರೆವೇಷಕ್ಕೆ ಯಾವ ಬಣ್ಣ?

ಮೇಲ್ಮೈಗೆ ಬ್ರಿಟಿಷ್ ಮಾದರಿಯ ಡಾರ್ಕ್ ಗ್ರೀನ್ ಮತ್ತು ಡಾರ್ಕ್ ಸೀ ಗ್ರೇ. ಮಿಸ್ಟರ್ ಹಾಬಿಯಲ್ಲಿ ಎಚ್-330 ಮತ್ತು ಎಚ್-331, ಹಂಬ್ರೋಲ್‌ನಲ್ಲಿ 163 ಮತ್ತು 164. ಬೂದು ಮೊದಲು, ಹಸಿರು ಆಮೇಲೆ. 1/72ಕ್ಕೆ ಎರಡಕ್ಕೂ ಹತ್ತಕ್ಕೆ ಒಂದರಷ್ಟು ಬಿಳಿ ಬೆರೆಸದಿದ್ದರೆ ಮನೆಯೊಳಗಿನ ಬೆಳಕಿನಲ್ಲಿ ಎರಡೂ ಒಂದೇ ಕಪ್ಪಾಗಿ ಕಾಣುತ್ತವೆ. ಮೂತಿಯಡಿಯ ನಾಲ್ಕು 30 ಮಿ.ಮೀ. ಫಿರಂಗಿಗಳ ಬಾಯಿಯನ್ನು 0.4 ಮಿ.ಮೀ. ಬಿಟ್ಟಿನಲ್ಲಿ ಕೊರೆಯಲು ಮರೆಯಬೇಡಿ.

ಭಾರತೀಯ ವಾಯುಪಡೆಯ ಗುರುತುಗಳು ಕಿಟ್‌ನಲ್ಲಿ ಇಲ್ಲ. ಏನು ಮಾಡುವುದು?

ಬೇರೆಯಾಗಿ ಮಾರುವ ಡೆಕಾಲ್ ಹಾಳೆ ತರಿಸಬಹುದು. ಇಂಕ್‌ಜೆಟ್‌ನಲ್ಲಿ ನೀವೇ ಮುದ್ರಿಸುವುದಾದರೆ, ಅದು ಬಿಳಿ ಬಣ್ಣ ಮುದ್ರಿಸುವುದಿಲ್ಲ, ಹಾಗಾಗಿ ವಾಯುಪಡೆಯ ಮೂರು ಬಣ್ಣದ ವೃತ್ತಗಳನ್ನು ಬಿಳಿ ತಳದ ಡೆಕಾಲ್ ಕಾಗದದ ಮೇಲೆ ಮುದ್ರಿಸಬೇಕು. ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಬಣ್ಣ ಊದಿ ಮಾಡಿದ ವೃತ್ತ: ಮೊದಲು ಪೂರ್ತಿ ಬಿಳಿ ತಟ್ಟೆ, ನಡುವಿನ ಬಿಳಿ ಬಳೆಗೆ ವೃತ್ತಕತ್ತರಿಯಲ್ಲಿ ಕತ್ತರಿಸಿದ ಮಾಸ್ಕ್, ಆಮೇಲೆ ಹೊರಗೆ ಕೇಸರಿ, ಒಳಗೆ ಹಸಿರು. ಹೊರಗೆ ಹಸಿರು ಹಾಕುವುದು ಎಲ್ಲರೂ ಮಾಡುವ ತಪ್ಪು. 1965ರ ವಿಮಾನಕ್ಕೆ ಕೇಸರಿಯೇ ಹೊರಗೆ. ಮಿಸ್ಟೇರ್‌ನ ಸಂಖ್ಯೆ ಐಎ ಎಂದೂ ಹಂಟರ್‌ನದ್ದು ಬಿಎ ಎಂದೂ ಶುರುವಾಗುತ್ತದೆ. ಇಂಫಾಲ್ ಕಾಲದ ಹರಿಕೇನ್‌ಗೆ ಬೇರೆಯೇ ಲೆಕ್ಕ: ಜಪಾನಿನ ಕೆಂಪು ಸೂರ್ಯನೆಂದು ಭ್ರಮೆಯಾಗದಿರಲಿ ಅಂತ ಕೆಂಪನ್ನು ಪೂರ್ತಿ ತೆಗೆದು ಗಾಢ ನೀಲಿ, ತಿಳಿ ನೀಲಿ ಮಾತ್ರ ಉಳಿಸಿದ್ದರು.

ಡೆಕಾಲ್ ಅಡಿಯಲ್ಲಿ ಬೆಳ್ಳಿಯಂತೆ ಮಿಂಚುವುದು ಸಿಕ್ಕಿಬಿದ್ದ ಗಾಳಿ. ಮ್ಯಾಟ್ ಮೈಯ ಉಬ್ಬುತಗ್ಗಿನಲ್ಲಿ ಅದು ಕೂರುತ್ತದೆ. ಮೊದಲು ಗ್ಲಾಸ್ ಕ್ಲಿಯರ್, ನಂತರ ಡೆಕಾಲ್, ಅಂಚಿಗೆ ಡೆಕಾಲ್ ಮೆದುಗೊಳಿಸುವ ದ್ರಾವಣ ಮೈಕ್ರೋ ಸಾಲ್. ಅದು ಮುಗಿದಿದ್ದರೆ ಅಂಗಡಿಯ ಬಿಳಿ ವಿನಿಗರ್‌ಗೆ ಮೂರು ಪಟ್ಟು ನೀರು ಬೆರೆಸಿದರೆ ಸ್ವಲ್ಪ ಮಟ್ಟಿಗೆ ನಡೆಯುತ್ತದೆ. ಕಾಚಂಪುಳಿಯೂ ಹುಳಿಯೇ ತಾನೇ ಎಂದು ಕೇಳುವವರಿದ್ದಾರೆ. ಅದನ್ನು ಪಂದಿಕರಿಗೇ ಬಿಡಿ.

ಕೆಸರು, ಧೂಳು, ಸವೆತ ಎಷ್ಟು ತೋರಿಸಬೇಕು?

ಮಿಸ್ಟೇರ್ ಹಾರಿದ್ದು ಪಂಜಾಬಿನ ಆದಂಪುರದ ಡಾಂಬರು ರನ್‌ವೇಯಿಂದ. ನಮ್ಮ ತೋಟದ ಕೆಂಪು ಮಣ್ಣನ್ನು ಚಕ್ರಕ್ಕೆ ಮೆತ್ತಬೇಡಿ. ಮಾಸಲು ಹಳದಿ ಬೂದು ಧೂಳು ಟೈರಿನ ನೆಲ ತಾಗುವ ಭಾಗಕ್ಕೆ, ಎಣ್ಣೆ ಕಲೆ ಒಡಲಿನ ಅಡಿಗೆ, ಫಿರಂಗಿ ಬಾಯಿಯ ಹಿಂದೆ ತೆಳು ಮಸಿ. ಅಷ್ಟಕ್ಕೆ ನಿಲ್ಲಿಸಿ. ಇಂಫಾಲದ ಹರಿಕೇನ್‌ಗೆ ಮಾತ್ರ ಕೈ ಬಿಚ್ಚಿ ಸವೆಸಬಹುದು: ರೆಕ್ಕೆ ಬುಡದಲ್ಲಿ ಪೈಲಟ್ ಹತ್ತಿ ಇಳಿದು ಬಣ್ಣ ಹೋದ ಗುರುತು, ಎಕ್ಸಾಸ್ಟ್ ಹಿಂದೆ ಉದ್ದನೆಯ ಬೂದು ಹೊಗೆ.

ನಿಜವಾದ ವಿಮಾನ ಎಲ್ಲಿ ನೋಡಬಹುದು?

ದೆಹಲಿಯ ಪಾಲಂನಲ್ಲಿರುವ ವಾಯುಪಡೆ ಸಂಗ್ರಹಾಲಯದಲ್ಲಿ ಮಿಸ್ಟೇರ್, ಹಂಟರ್, ಹರಿಕೇನ್ ಮೂರೂ ಇವೆ. ಹೋದವರು ಇಡೀ ವಿಮಾನದ ಫೋಟೋಕ್ಕಿಂತ ಚಕ್ರದ ಗುಂಡಿ, ಚಕ್ರದ ಬಾಗಿಲಿನ ಒಳಮೈ, ಗಾಳಿದ್ವಾರದ ಅಂಚು ಇವುಗಳ ಫೋಟೋ ತನ್ನಿ. ಪ್ರದರ್ಶನದ ವಿಮಾನಗಳಿಗೆ ಮತ್ತೆ ಮತ್ತೆ ಬಣ್ಣ ಬಳಿದಿರುತ್ತಾರೆ, ಹಾಗಾಗಿ ಆಕಾರಕ್ಕೆ ಅವನ್ನು ನಂಬಿ, ಬಣ್ಣಕ್ಕೆ ಆ ಕಾಲದ ಫೋಟೋ ನಂಬಿ.

ಐನ್‌ಮನೆಯ (ಕೊಡವ ಕುಟುಂಬದ ಮೂಲ ಮನೆಯ) ನೆಲ್ಲಕ್ಕಿ ನಡುಬಾಡೆಯಲ್ಲಿ, ತೂಗುದೀಪವಿರುವ ನಡುಮನೆಯಲ್ಲಿ, ಇಡಬಹುದೇ?

ತೂಗುದೀಪದ ಎಣ್ಣೆ ಮಸಿ ಬೆಳ್ಳಿ ಮೈಗೆ ಆಗಿಬರುವುದಿಲ್ಲ, ಒಂದು ವರ್ಷದಲ್ಲಿ ಹಳದಿಯಾಗುತ್ತದೆ. ಇಡಲೇಬೇಕಿದ್ದರೆ ದೀಪದಿಂದ ದೂರದ ಗೋಡೆಗೆ, ಪೂರ್ತಿ ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ. ಹೊರಗೋಡೆಗೆ ತಾಗಿಸಬೇಡಿ, ಮಳೆಯಲ್ಲಿ ಆ ಗೋಡೆ ನೀರು ಹೀರಿರುತ್ತದೆ. ಪೆಟ್ಟಿಗೆಯ ತಳದಲ್ಲಿ ಕಾಣದಂತೆ 50 ಗ್ರಾಂ ಬಣ್ಣ ಬದಲಿಸುವ ಸಿಲಿಕಾ ಜೆಲ್, ಬಣ್ಣ ಬದಲಾದಾಗ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಹಾಕಿ. ಡೆಕಾಲ್ ಮೇಲೆ ಬೂಷ್ಟು ಕಂಡರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಎತ್ತಿ, ಉಜ್ಜಬೇಡಿ. ಮರದ ಪೀಠವಾದರೆ ಅಡಿಮೈಗೂ ವಾರ್ನಿಷ್ ಬಳಿಯಿರಿ.

ಒರೆಸುವಾಗ ಹಂಟರ್‌ನ ಪಿಟಾಟ್ ಕಡ್ಡಿ (ವೇಗ ಅಳೆಯಲು ಚಾಚಿರುವ ಕೊಳವೆ) ಮುರಿಯಿತು. ಸರಿ ಮಾಡಬಹುದೇ?

ಪ್ಲಾಸ್ಟಿಕ್ಕಿನದ್ದು ಎಂದಾದರೂ ಮುರಿಯುವುದೇ. ಎಡ ರೆಕ್ಕೆಯ ತುದಿಯಲ್ಲಿ ಮುರಿದ ಜಾಗವನ್ನು ಸಮ ಮಾಡಿ 0.6 ಮಿ.ಮೀ. ತೂತು ಕೊರೆಯಿರಿ. ಮೆಡಿಕಲ್‌ನಿಂದ 23 ಗೇಜಿನ ಸೂಜಿ ಒಂದು, ಇನ್ಸುಲಿನ್ ಸಿರಿಂಜಿನ 31 ಗೇಜಿನದ್ದು ಒಂದು ತನ್ನಿ. ದಪ್ಪದ್ದರೊಳಗೆ ಸಣ್ಣದು ಸಲೀಸಾಗಿ ಕೂರುತ್ತದೆ, ನಿಜವಾದ ಪಿಟಾಟ್‌ನಂತೆ ತುದಿಗೆ ಹೋಗುತ್ತ ಸಣ್ಣಗಾಗುತ್ತದೆ. ಸೂಜಿಯನ್ನು ಕಟರಿನಲ್ಲಿ ಕತ್ತರಿಸಿದರೆ ಬಾಯಿ ಮುಚ್ಚಿಹೋಗುತ್ತದೆ. ಅರದ ಅಂಚಿನಿಂದ ಸುತ್ತ ಗೀರು ಹಾಕಿ ಇಕ್ಕಳದಲ್ಲಿ ಅತ್ತಿತ್ತ ಬಾಗಿಸಿ ಮುರಿಯಿರಿ, ಕನ್ನಡಕ ಹಾಕಿಕೊಂಡೇ. ಸೂಪರ್ ಗ್ಲೂ ಒಂದು ಹನಿಯಲ್ಲಿ ಕೂರಿಸಿ, ಎದುರಿನಿಂದಲೂ ಮೇಲಿನಿಂದಲೂ ನೇರವಿದೆಯೇ ನೋಡಿ. ಮಳೆಗಾಲವಾದರೆ ನೋಡಿ ಸರಿಪಡಿಸಲು ನಿಮಗೆ ಸಿಗುವುದು ಹತ್ತು ಸೆಕೆಂಡು, ಅಷ್ಟರಲ್ಲಿ ಹಿಡಿದುಬಿಡುತ್ತದೆ.